ಸೋಲಾರ್, ಗಾಳಿ, ಗೋಬರ್ ಗ್ಯಾಸ್ ಖರ್ಚು ಹೋಲಿಸುವ ಕ್ಯಾಲ್ಕುಲೇಟರ್ ಮಾಡುತ್ತಿದ್ದೇವೆ, ಯಾವ ಲೆಕ್ಕ ಹಿಡಿಯಬೇಕು?

ವಿದ್ಯಾನಗರ_ಕೋಡ್:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವನು, ವೆಬ್‌ಸೈಟ್ ಮಾಡುವ ಕೆಲಸ. ಜೊತೆಗೆ ಇಬ್ಬರು ಗೆಳೆಯರಿದ್ದಾರೆ, ಒಬ್ಬರು ಎಲೆಕ್ಟ್ರಿಕಲ್ ಓದಿದವರು, ಇನ್ನೊಬ್ಬರು ಡೇಟಾ ನೋಡಿಕೊಳ್ಳುತ್ತಾರೆ. ಬಿಡುವಿನ ವೇಳೆಯಲ್ಲಿ ಮೂವರೂ ಸೇರಿ ಕನ್ನಡದಲ್ಲಿ ಒಂದು ಆನ್‌ಲೈನ್ ಕ್ಯಾಲ್ಕುಲೇಟರ್ ಮಾಡುತ್ತಿದ್ದೇವೆ.

ಧಾರವಾಡ, ಗದಗ, ಹಾವೇರಿ ಜಿಲ್ಲೆಯ ಯಾರೇ ಆಗಲಿ ಫೋನಿನಲ್ಲಿ ತೆರೆದು ತಮ್ಮ ಊರು, ತಿಂಗಳ ಬಿಲ್, ಮಾಳಿಗೆಯ ಮೇಲಿನ ಜಾಗ, ದನ ಇದ್ದರೆ ಎಷ್ಟು ಅಂತ ಹಾಕಬೇಕು. ಸೋಲಾರ್ ಹಾಕಿಸಿದರೆ ಯೂನಿಟ್‌ಗೆ ಎಷ್ಟು ಬೀಳುತ್ತದೆ, ಸಣ್ಣ ಗಾಳಿಯಂತ್ರಕ್ಕೆ ಎಷ್ಟು, ಗೋಬರ್ ಗ್ಯಾಸಿಗೆ ಎಷ್ಟು, ಡೀಸೆಲ್ ಜನರೇಟರ್‌ಗೆ ಎಷ್ಟು, ಹೆಸ್ಕಾಂ ಕರೆಂಟಿಗೆ ಎಷ್ಟು ಅಂತ ಒಂದೇ ಪಟ್ಟಿಯಲ್ಲಿ ಕಾಣಬೇಕು. ಅಷ್ಟೇ ಯೋಚನೆ. ಇಂಗ್ಲಿಷಿನಲ್ಲಿ ಇಂಥವು ಬೇಕಾದಷ್ಟಿವೆ, ಆದರೆ ನಾವು ನೋಡಿದವುಗಳಲ್ಲಿ ಹೆಚ್ಚಿನವು ಸೋಲಾರ್ ಮಾರುವವರೇ ಮಾಡಿಸಿದವು, ಏನು ಹಾಕಿದರೂ ಕೊನೆಗೆ "ನಿಮ್ಮ ಮೊಬೈಲ್ ನಂಬರ್ ಕೊಡಿ" ಅಂತಲೇ ಬರುತ್ತದೆ.

ಈಗ ನಮ್ಮ ತಲೆನೋವು. ಒಂದು, ಹಾಕಿದ ಬಂಡವಾಳವನ್ನ 25 ವರ್ಷದ ಯೂನಿಟ್‌ಗಳಿಂದ ಸುಮ್ನೆ ಭಾಗಿಸಿದರೆ ಸಾಕಾ, ಬಡ್ಡಿ ಸೇರಿಸಬೇಕಾ, ಸೇರಿಸಿದರೆ ಎಷ್ಟು? ಎರಡು, ಸಬ್ಸಿಡಿ ಒಳಗೆ ಹಿಡಿಯಬೇಕಾ ಬಿಡಬೇಕಾ, ಇದರ ಮೇಲೆ ನಮ್ಮ ಮೂವರಲ್ಲೇ ಜಗಳ. ಬಿಸಿಲು, ಗಾಳಿಯ ಡೇಟಾ ಎಲ್ಲಿಂದ ತಂದರೆ ನಂಬಬಹುದು ಅನ್ನೋದೂ ಬೇಕು. ಆಮೇಲೆ ಗೋಬರ್ ಗ್ಯಾಸ್ ಅನ್ನೋದು ಅಡುಗೆಗೆ, ಸೋಲಾರ್ ಅನ್ನೋದು ಕರೆಂಟಿಗೆ, ಇವೆರಡನ್ನ ಒಂದೇ ಪಟ್ಟಿಯಲ್ಲಿ ಹೇಗೆ ಕೂರಿಸೋದು?

ಈ ಕಡೆ ಸೋಲಾರ್ ಹಾಕಿಸಿದವರು, ಪಂಪ್ ಇಟ್ಟವರು, ಗೋಬರ್ ಗ್ಯಾಸ್ ಕಟ್ಟಿಸಿದವರು ಯಾರಿದ್ದರೂ ಹೇಳಿ. ಲೆಕ್ಕ ತಿಳಿದವರು ಬೈದರೂ ಪರವಾಗಿಲ್ಲ.


ಲೆಕ್ಕದ_ಮಾಸ್ತರ:

ಮೊದಲನೇ ಪ್ರಶ್ನೆಗೆ ಉತ್ತರ: ಬಡ್ಡಿ ಸೇರಿಸಲೇಬೇಕು. ಸೇರಿಸದಿದ್ದರೆ ಏನಾಗುತ್ತದೆ ನೋಡಿ.

3 ಕಿಲೋವ್ಯಾಟ್ ಸೋಲಾರ್ ಹಿಡಿಯೋಣ. ಎಲ್ಲಾ ಸೇರಿ 1,80,000 ರೂಪಾಯಿ ಅಂತ ಇಟ್ಟುಕೊಳ್ಳಿ, ಇದು ಲೆಕ್ಕಕ್ಕೆ ಹಿಡಿದ ಸಂಖ್ಯೆ, ನಿಮ್ಮ ಕೊಟೇಶನ್ ಬೇರೆ ಇರಬಹುದು. ನಮ್ಮ ಕಡೆ ಬಿಸಿಲಿಗೆ ಒಂದು ಕಿಲೋವ್ಯಾಟ್‌ನಿಂದ ವರ್ಷಕ್ಕೆ 1,400 ಯೂನಿಟ್ ಅಂತ ಹಿಡಿದರೆ ಜಾಸ್ತಿ ಹೇಳಿದ ಹಾಗಾಗುವುದಿಲ್ಲ. ಮೂರಕ್ಕೆ 4,200. ಇದನ್ನ 25 ವರ್ಷಕ್ಕೆ ಗುಣಿಸಿದರೆ 1,05,000 ಯೂನಿಟ್. ಸುಮ್ನೆ ಭಾಗಿಸಿದರೆ ಯೂನಿಟ್‌ಗೆ 1 ರೂಪಾಯಿ 71 ಪೈಸೆ. ಮಾರುವವರು ತೋರಿಸೋದು ಇದನ್ನೇ.

ಈಗ ಬಡ್ಡಿ ಹಾಕಿ. ಶೇಕಡಾ 8ರಂತೆ 20 ವರ್ಷಕ್ಕೆ ಹಂಚಿದರೆ ಪ್ರತಿ ರೂಪಾಯಿ ಬಂಡವಾಳಕ್ಕೆ ವರ್ಷಕ್ಕೆ ಸುಮಾರು 10.2 ಪೈಸೆ ಕಂತು ಬೀಳುತ್ತದೆ. 1,80,000ಕ್ಕೆ 18,360 ರೂಪಾಯಿ. ಇನ್ವರ್ಟರ್ 10-12 ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ, ತೊಳೆಯೋದು, ವೈರಿಂಗ್ ನೋಡಿಸೋದು ಇರುತ್ತದೆ, ಎಲ್ಲದಕ್ಕೂ ವರ್ಷಕ್ಕೆ 3,500 ಎತ್ತಿಡಿ. ಒಟ್ಟು 21,860. 4,200ರಿಂದ ಭಾಗಿಸಿ. 5 ರೂಪಾಯಿ 20 ಪೈಸೆ! ಅದೇ ಪ್ಯಾನಲ್, ಅದೇ ಮಾಳಿಗೆ, ಲೆಕ್ಕ ಹಾಕುವ ರೀತಿ ಬದಲಾದರೆ ದರ ಮೂರು ಪಟ್ಟು. ಪ್ಯಾನಲ್ ವರ್ಷಕ್ಕೆ ಅರ್ಧ ಪರ್ಸೆಂಟ್‌ನಷ್ಟು ಸೊರಗುತ್ತದೆ, ಅದನ್ನ ಸೇರಿಸಿದರೆ ಇನ್ನೂ ಸ್ವಲ್ಪ ಏರುತ್ತದೆ.

ಸಬ್ಸಿಡಿ: ಎರಡೂ ತೋರಿಸಿ, ಜಗಳ ಮುಗಿಯಿತು. ಪಿಎಂ ಸೂರ್ಯಘರ್ ಅನ್ನೋ ಕೇಂದ್ರದ ಮನೆ ಸೋಲಾರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಹಾಗಾದರೆ ಕೈಯಿಂದ ಹೋಗೋದು 1,02,000, ಮೇಲಿನ ಲೆಕ್ಕದಲ್ಲೇ ಯೂನಿಟ್‌ಗೆ 3 ರೂಪಾಯಿ 31 ಪೈಸೆ. ಆದರೆ ಇಲ್ಲೊಂದು ಮರೆತುಹೋಗುವ ವಿಷಯ ಇದೆ. ಸಬ್ಸಿಡಿ ಬೇಕಾದರೆ ದೇಶದಲ್ಲೇ ತಯಾರಾದ ಸೆಲ್ ಇರುವ ಪ್ಯಾನಲ್ ಹಾಕಬೇಕು, ಅದರ ಬೆಲೆ ಜಾಸ್ತಿ. ಹಾಗಾಗಿ ಒಂದೇ ಬೆಲೆ ಇಟ್ಟುಕೊಂಡು ಒಂದರಲ್ಲಿ 78,000 ಕಳೆದರೆ ಆಗುವುದಿಲ್ಲ. ಎರಡು ಬೆಲೆ ಕೇಳಿ.

ಬಡ್ಡಿ ಎಷ್ಟು ಅನ್ನೋದನ್ನ ನೀವು ನಿರ್ಧರಿಸಬೇಡಿ, ಬಳಸುವವರನ್ನ ಕೇಳಿ. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟ ಹಣ ತೆಗೆದು ಹಾಕುವವರಿಗೆ 7 ಸಾಕು. ಬಂಗಾರ ಅಡವಿಟ್ಟು ತರುವವರಿಗೆ 12 ಹಿಡಿಯಿರಿ, ಆಗ 3.31 ಇದ್ದದ್ದು 4.09 ಆಗುತ್ತದೆ.


ಗೋಕುಲ್_ರೋಡ್_ಮನೆ:

ಮಾಸ್ತರ ಲೆಕ್ಕ ಸರಿ ಇದೆ, ನನಗೆ ತಕರಾರು ಇಲ್ಲ. ಆದರೆ ಆ 3.31ನ್ನ ಯಾವುದರ ಜೊತೆ ಹೋಲಿಸ್ತೀರಿ? ಹೆಸ್ಕಾಂ ದರದ ಜೊತೆ ಅಂತೀರಿ. ಯಾರ ದರ?

ಗೃಹಜ್ಯೋತಿ ಬಂದ ಮೇಲೆ ಈ ಪ್ರಶ್ನೆಯೇ ಬದಲಾಗಿದೆ. 2023ರಿಂದ ಮನೆಗಳಿಗೆ 200 ಯೂನಿಟ್ ಒಳಗೆ ಇದ್ದರೆ, 2022-23ರ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ ಅಷ್ಟು ಫ್ರೀ. ನಮ್ಮ ಓಣಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗೆ ಸೊನ್ನೆ ಬಿಲ್ ಬರುತ್ತದೆ. ಸೊನ್ನೆ ಬಿಲ್ ಬರುವ ಮನೆಗೆ ನೀವು "ಸೋಲಾರ್ ಯೂನಿಟ್‌ಗೆ 3.31, ಗ್ರಿಡ್ ಯೂನಿಟ್‌ಗೆ 6" ಅಂತ ಹಸಿರು ಬಣ್ಣದಲ್ಲಿ ತೋರಿಸಿದರೆ ಅದು ಸುಳ್ಳು ಹೇಳಿದ ಹಾಗೆ. ಅವರು ಸೋಲಾರ್ ಹಾಕಿಸಿ ಉಳಿಸೋದು ಏನೂ ಇಲ್ಲ.

ಅದೇ 200 ದಾಟಿದವರ ಕಥೆ ಬೇರೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ದಾಟಿದ ಯೂನಿಟ್‌ಗೆ ಮಾತ್ರ ಅಲ್ಲ. ಅಂದರೆ 199ಕ್ಕೂ 201ಕ್ಕೂ ನಡುವೆ ಒಂದು ದೊಡ್ಡ ಹಳ್ಳ ಇದೆ. ನಿಮ್ಮ ಕ್ಯಾಲ್ಕುಲೇಟರ್ ಸರಾಸರಿ ಹಿಡಿದರೆ ಈ ಹಳ್ಳ ಕಾಣುವುದೇ ಇಲ್ಲ. ಬೇಸಿಗೆಯಲ್ಲಿ ಏಪ್ರಿಲ್, ಮೇ ಎರಡೇ ತಿಂಗಳು 230 ಹೋಗುವ ಮನೆ ಎಷ್ಟಿಲ್ಲ ಹೇಳಿ. ಅದಕ್ಕೆ 12 ತಿಂಗಳ ಬಿಲ್ ಬೇರೆ ಬೇರೆ ಕೇಳಿ, ಸರಾಸರಿ ಕೇಳಬೇಡಿ.

ಇನ್ನೊಂದು. ಅಂಥ ಮನೆಗೆ ಎಲ್ಲಕ್ಕಿಂತ ಅಗ್ಗದ ದಾರಿ ಸೋಲಾರೂ ಅಲ್ಲ ಗಾಳಿಯೂ ಅಲ್ಲ, ಫ್ಯಾನ್. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್. ನಾಲ್ಕು ಫ್ಯಾನ್ ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ ಸುಮಾರು 65 ಯೂನಿಟ್ ಉಳಿತಾಯ. ಫ್ಯಾನಿಗೆ 3,000 ಅಂದರೂ ನಾಲ್ಕಕ್ಕೆ 12,000. 230 ಇದ್ದದ್ದು 165ಕ್ಕೆ ಇಳಿಯಿತು, ಹಳ್ಳ ದಾಟಿ ಈಚೆ ಬಂದರು. ಇದನ್ನ ನಿಮ್ಮ ಪಟ್ಟಿಯ ಮೊದಲ ಸಾಲಾಗಿ ಹಾಕಿ. ಯಾರೂ ಹಾಕೋದಿಲ್ಲ, ಫ್ಯಾನ್ ಬದಲಿಸಿ ಅಂದರೆ ಯಾರಿಗೂ ಕಮಿಷನ್ ಇಲ್ಲವಲ್ಲ.

ಮತ್ತೆ ಬಿಲ್ ಕಟ್ಟುವವರ ವಿಷಯದಲ್ಲೂ ನಿಗದಿತ ಶುಲ್ಕ ಅಂತ ಒಂದಿರುತ್ತದೆ, ಕಿಲೋವ್ಯಾಟ್ ಲೆಕ್ಕದಲ್ಲಿ. ಸೋಲಾರ್ ಹಾಕಿದರೂ ಅದು ಬರುತ್ತಲೇ ಇರುತ್ತದೆ. ಒಟ್ಟು ಬಿಲ್ಲನ್ನ ಯೂನಿಟ್‌ನಿಂದ ಭಾಗಿಸಿ "ನಿಮ್ಮ ದರ ಇಷ್ಟು" ಅಂದರೆ ಉಳಿತಾಯ ಉಬ್ಬಿ ಕಾಣುತ್ತದೆ. ಉಳಿಯೋದು ಯೂನಿಟ್ ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಮಾತ್ರ.


ಶಿಗ್ಗಾಂವಿ_ಹೊಲ:

ಮನೆ ಮಾತು ಆಯಿತು, ಹೊಲದ ಮಾತು ಕೇಳಿ. ನಮಗೆ 10 ಎಚ್‌ಪಿ ತನಕ ಪಂಪಿಗೆ ಕರೆಂಟ್ ಫ್ರೀ. ಹಾಗಾದರೆ ನಿಮ್ಮ ಪಟ್ಟಿ ಪ್ರಕಾರ ರೈತ ಯಾಕೆ ಸೋಲಾರ್ ಪಂಪ್ ಹಾಕಬೇಕು? ಹಾಕಲೇಬಾರದು ಅಲ್ವಾ. ಆದರೂ ಹಾಕುತ್ತಾರೆ, ಹಾಕಿದವರು ಖುಷಿಯಾಗೂ ಇದ್ದಾರೆ. ಯಾಕೆಂದರೆ ರೈತನಿಗೆ ಯೂನಿಟ್ ಬೇಡ, ಹಗಲಿನಲ್ಲಿ ನೀರು ಬೇಕು. ತ್ರೀಫೇಸ್ ಕೊಡೋದು 7 ತಾಸು, ಅದೂ ಪಾಳಿಯಲ್ಲಿ, ರಾತ್ರಿ ಪಾಳಿ ಬಂದರೆ ಹಾವು ಹುಳ ನೋಡದೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಬೇಕು. ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಬದಲಾಗುವ ತನಕ ಬೆಳೆ ಒಣಗುತ್ತದೆ. ಇದಕ್ಕೆ ನಿಮ್ಮ ಕ್ಯಾಲ್ಕುಲೇಟರ್‌ನಲ್ಲಿ ಕಾಲಂ ಎಲ್ಲಿದೆ?

ಅದಕ್ಕೇ ಪಂಪಿಗೆ ರೂಪಾಯಿ-ಯೂನಿಟ್ ಲೆಕ್ಕ ಬಿಡಿ. ಒಂದು ತಾಸು ನೀರಿಗೆ ಎಷ್ಟು, ಆ ನೀರು ಯಾವ ಹೊತ್ತಿಗೆ ಸಿಗುತ್ತದೆ, ಎರಡೇ ಕಾಲಂ ಹಾಕಿ. ವರದಾ, ತುಂಗಭದ್ರಾ ದಂಡೆಯಲ್ಲಿ ಡೀಸೆಲ್ ಎಂಜಿನ್ ಹಚ್ಚಿ ನೀರು ಎತ್ತುವವರು ಇದ್ದಾರೆ. 5 ಎಚ್‌ಪಿ ಎಂಜಿನ್ ತಾಸಿಗೆ ಹತ್ತಿರ ಹತ್ತಿರ ಒಂದು ಲೀಟರ್ ಕುಡಿಯುತ್ತದೆ. ಲೀಟರಿಗೆ 90 ಹಿಡಿದರೂ ತಾಸಿಗೆ 90 ರೂಪಾಯಿ ಬರೀ ಎಣ್ಣೆಗೆ. ಅವರಿಗೆ ಸೋಲಾರ್ ಪಂಪ್ ಲಾಭವೋ ನಷ್ಟವೋ ಅಂತ ಕ್ಯಾಲ್ಕುಲೇಟರ್ ಬೇಕಾಗಿಯೇ ಇಲ್ಲ, ಬೆರಳಲ್ಲೇ ಎಣಿಸಬಹುದು. ಕುಸುಮ್ ಬಿ ಅನ್ನೋ ಸೋಲಾರ್ ಪಂಪ್ ಸಬ್ಸಿಡಿ ಯೋಜನೆಯಲ್ಲಿ ಕೇಂದ್ರದ್ದು 30, ರಾಜ್ಯದ್ದು 50, ರೈತ ಹಾಕೋದು 20 ಪರ್ಸೆಂಟ್. ಹೊಸ ಕನೆಕ್ಷನ್ ಕೇಳುವವರಿಗೆ ಲೈನ್‌ನಿಂದ 500 ಮೀಟರ್‌ಗಿಂತ ದೂರ ಇದ್ದರೆ ಸೋಲಾರ್ ಪಂಪೇ ಅಂತ ಸರ್ಕಾರ ಹೇಳಿದೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ "ಲೈನ್ ಎಷ್ಟು ದೂರ" ಅಂತ ಇರಲಿ. ಕಂಬ, ವೈರಿನ ಖರ್ಚು ಅದರ ಮೇಲೆ ನಿಂತಿದೆ.

ಒಂದು ಮಾತ್ರ ಮಾಸ್ತರಿಗೆ ಹೇಳಬೇಕು. ನೀವು ವರ್ಷಕ್ಕೆ ಕಿಲೋವ್ಯಾಟ್‌ಗೆ 1,400 ಯೂನಿಟ್ ಅಂದಿರಿ. 5 ಎಚ್‌ಪಿ ಪಂಪಿಗೆ 4,800 ವ್ಯಾಟ್ ಪ್ಯಾನಲ್ ಕೊಡುತ್ತಾರೆ, ಆ ಲೆಕ್ಕಕ್ಕೆ 6,700 ಯೂನಿಟ್ ಆಗಬೇಕು. ಆದರೆ ಮಳೆಗಾಲದಲ್ಲಿ ಪಂಪ್ ಯಾಕೆ ಹಚ್ಚುತ್ತೇನೆ? ಗೋವಿನಜೋಳ, ಹತ್ತಿ ಮಳೆಗೇ ಬರುತ್ತವೆ. ವರ್ಷಕ್ಕೆ 150 ದಿನ ಪಂಪ್ ಓಡಿದರೆ 2,900 ಯೂನಿಟ್ ಕೂಡ ಬಳಸಿದ ಹಾಗಾಗುವುದಿಲ್ಲ. ಉಳಿದ ದಿನ ಪ್ಯಾನಲ್ ಸುಮ್ನೆ ಬಿಸಿಲು ಕಾಯುತ್ತಾ ನಿಂತಿರುತ್ತದೆ. ಯೂನಿಟ್ ದರ ಅಲ್ಲೇ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ತಯಾರಾದ ಯೂನಿಟ್ ಅಲ್ಲ, ಬಳಸಿದ ಯೂನಿಟ್‌ನಿಂದ ಭಾಗಿಸಿ.


ಲೆಕ್ಕದ_ಮಾಸ್ತರ:

@ಶಿಗ್ಗಾಂವಿ_ಹೊಲ ನೂರಕ್ಕೆ ನೂರು ಒಪ್ಪಿದೆ ರೀ. ನನ್ನ ಲೆಕ್ಕ ಗ್ರಿಡ್‌ಗೆ ಜೋಡಿಸಿದ ಮನೆಯದು, ಅಲ್ಲಿ ಉಳಿದ ಯೂನಿಟ್ ಲೈನಿಗೆ ಹೋಗುತ್ತದೆ. ಪಂಪಿನದು ಹಾಗಲ್ಲ. ಬಳಸಿದ ಪ್ರಮಾಣ ಅನ್ನೋ ಕಾಲಂ ಪ್ರತಿ ಸಾಲಿಗೂ ಬೇಕು.


ಕಪ್ಪತಗುಡ್ಡದ_ಗಾಳಿ:

ಗದಗಿನವನು ನಾನು. ಗಾಳಿ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ನಮ್ಮ ಕಡೆ ಯಾವ ರಸ್ತೆಯಲ್ಲಿ ಹೋದರೂ ದೊಡ್ಡ ದೊಡ್ಡ ಫ್ಯಾನ್ ತಿರುಗೋದು ಕಾಣುತ್ತದೆ. ಅದನ್ನ ನೋಡಿ ಎಲ್ಲರಿಗೂ ಒಂದೇ ಆಸೆ, ನಮ್ಮ ಮಾಳಿಗೆ ಮೇಲೂ ಒಂದು ಸಣ್ಣದು ಇಟ್ಟರೆ ಹೇಗೆ ಅಂತ. ನಿಮ್ಮ ಪಟ್ಟಿಯಲ್ಲಿ ಗಾಳಿ ಸಾಲು ಬಂದರೆ ಮೊದಲು ಅದನ್ನೇ ಒತ್ತುತ್ತಾರೆ, ಹಾಗಾಗಿ ಇಲ್ಲೇ ಹುಷಾರಾಗಿರಬೇಕು.

ಗಾಳಿಯ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಅರ್ಧ ಆದರೆ ಎಂಟನೇ ಒಂದು ಭಾಗ. ಇದರಿಂದ ಎರಡು ಎಡವಟ್ಟು ಆಗುತ್ತವೆ. ಒಂದು ಎತ್ತರದ್ದು. ಡೇಟಾ ಸಿಗೋದು ಸಾಮಾನ್ಯವಾಗಿ 50 ಮೀಟರ್ ಎತ್ತರದ್ದು, ನಿಮ್ಮ ಮಾಳಿಗೆ ಇರೋದು 10 ಮೀಟರ್. ಬಯಲಿನಲ್ಲಿ ಬಳಸುವ ಸಾದಾ ಸೂತ್ರದಿಂದ ಇಳಿಸಿದರೆ ವೇಗ ಶೇಕಡಾ 80 ಉಳಿಯುತ್ತದೆ. ಪರವಾಗಿಲ್ಲ ಅನ್ನಿಸುತ್ತದೆ. ಘನ ಮಾಡಿ ನೋಡಿ, ಶಕ್ತಿ ಅರ್ಧಕ್ಕೆ ಬಂತು. ಅದೂ ಬಯಲಿನಲ್ಲಿ, ಓಣಿಯಲ್ಲಿ ಪಕ್ಕದ ಮನೆ, ನೀರಿನ ಟ್ಯಾಂಕು, ತೆಂಗಿನ ಮರ ಇದ್ದರೆ ಗಾಳಿ ಸುತ್ತಿ ಸುತ್ತಿ ಬರುತ್ತದೆ, ಯಂತ್ರ ತಲೆ ತಿರುಗಿಸೋದರಲ್ಲೇ ಇರುತ್ತದೆ.

ಎರಡನೆಯದು ಸರಾಸರಿಯದ್ದು. ಅರ್ಧ ದಿನ 2 ಮೀಟರ್, ಅರ್ಧ ದಿನ 6 ಮೀಟರ್ ವೇಗ ಇದ್ದರೆ ಸರಾಸರಿ 4, ಅದರ ಘನ 64. ಆದರೆ ಬೇರೆ ಬೇರೆ ಘನ ಮಾಡಿ ಸರಾಸರಿ ತೆಗೆದರೆ 8 ಮತ್ತು 216ರ ನಡುವೆ 112. ಸರಾಸರಿ ವೇಗದಿಂದ ಲೆಕ್ಕ ಹಾಕಿದರೆ ಪೂರ್ತಿ ತಪ್ಪು ಬರುತ್ತದೆ, ಈ ಸಲ ಕಡಿಮೆ ಕಡೆಗೆ. ಹಾಗಾಗಿ ತಾಸಿನ ಡೇಟಾ ತಗೊಳ್ಳಿ.

ಡೇಟಾ ಎಲ್ಲಿಂದ ಅಂದಿರಿ. ಬಿಸಿಲಿಗೆ ನಾಸಾದ "ಪವರ್" ಅನ್ನೋ ಡೇಟಾ ಪುಕ್ಕಟೆ, ಎಪಿಐ ಇದೆ, ಅಂದರೆ ನಿಮ್ಮ ಕೋಡ್ ನೇರವಾಗಿ ಡೇಟಾ ಕೇಳಿ ತರಿಸಿಕೊಳ್ಳಬಹುದು, ಚೆನ್ನಾಗಿದೆ. ಯುರೋಪಿನವರ ಪಿವಿಜಿಐಎಸ್ ಅನ್ನೋ ಸೋಲಾರ್ ಲೆಕ್ಕದ ತಾಣ ಕೂಡ ನಮ್ಮ ದೇಶಕ್ಕೆ ನಡೆಯುತ್ತದೆ. ಆದರೆ ನಾಸಾದ ಗಾಳಿ ಡೇಟಾ ಸುಮಾರು 50 ಕಿಲೋಮೀಟರ್ ಚೌಕದ್ದು. ಆ ಚೌಕದಲ್ಲಿ ಕಪ್ಪತಗುಡ್ಡದ ನೆತ್ತಿಯೂ ಮುಂಡರಗಿ ಬಯಲೂ ಒಂದೇ. ಗಾಳಿಗೆ ಗ್ಲೋಬಲ್ ವಿಂಡ್ ಅಟ್ಲಾಸ್ ನೋಡಿ, ಅದು 250 ಮೀಟರ್ ಚೌಕದ ತನಕ ಹೋಗುತ್ತದೆ. ಅದೂ ಅಂದಾಜೇ, ಆದರೂ ಗುಡ್ಡ ಯಾವುದು ಹೊಲ ಯಾವುದು ಅಂತ ಗೊತ್ತಾಗುತ್ತದೆ.

ನನ್ನ ಸಲಹೆ ಕೇಳಿದರೆ ಊರೊಳಗಿನ ಮನೆಗೆ ಗಾಳಿ ಸಾಲನ್ನೇ ತೋರಿಸಬೇಡಿ. ಹೊರಗೆ ಬಯಲಿನಲ್ಲಿ ತೋಟದ ಮನೆ ಇದ್ದು ಬ್ಯಾಟರಿ ಇಟ್ಟುಕೊಂಡವರಿಗೆ ಮಾತ್ರ ಅರ್ಥ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಮುಚ್ಚಿ ಸೋಲಾರ್ ಸೊರಗುತ್ತದೆ, ನಮ್ಮಲ್ಲಿ ಗಾಳಿ ಜೋರಾಗೋದೂ ಅದೇ ತಿಂಗಳುಗಳಲ್ಲಿ. ಒಂದಕ್ಕೊಂದು ಆಸರೆ. ವರ್ಷದ ಒಟ್ಟು ಸಂಖ್ಯೆ ಮಾತ್ರ ತೋರಿಸಿದರೆ ಈ ಆಸರೆ ಕಾಣುವುದಿಲ್ಲ, ತಿಂಗಳಿನ ಪಟ್ಟಿ ಬೇಕು.


ಅಣ್ಣಿಗೇರಿ_ಅಡುಗೆಮನೆ:

ತಮ್ಮಾ, ಗೋಬರ್ ಗ್ಯಾಸ್ ಕಡೆ ಬರೋಣ. ನಮ್ಮ ಮನೆಯಲ್ಲಿ ಇದೆ, ನಡೆಸುವವಳು ನಾನು, ಅದಕ್ಕೆ ಹೇಳುತ್ತೇನೆ.

ನೀನು ಕರೆಂಟನ್ನೂ ಅಡುಗೆ ಉರಿಯನ್ನೂ ಒಂದೇ ಯೂನಿಟ್‌ನಲ್ಲಿ ಅಳೆಯಬೇಕಾದರೆ ಪಾತ್ರೆಗೆ ತಲುಪಿದ ಶಾಖ ಅಳೆ. ಒಲೆಯೊಳಗೆ ಸುಟ್ಟದ್ದನ್ನ ಅಲ್ಲ. ನನ್ನ ಮಗ ಎಂಜಿನಿಯರಿಂಗ್ ಓದುತ್ತಾನೆ, ಅವನು ಕೂತು ಲೆಕ್ಕ ಮಾಡಿಕೊಟ್ಟ. 14.2 ಕೆಜಿ ಸಿಲಿಂಡರ್‌ನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಾಖ ಇರುತ್ತದೆ. ಒಲೆ ಶೇಕಡಾ 60 ಹಿಡಿದರೆ ಪಾತ್ರೆಗೆ 110. ಇಂಡಕ್ಷನ್ ಒಲೆಯಲ್ಲಿ ಅಷ್ಟೇ ಶಾಖ ಬೇಕಾದರೆ 130 ಯೂನಿಟ್ ಕರೆಂಟ್ ಸಾಕು, ಯೂನಿಟ್‌ಗೆ 6 ರೂಪಾಯಿ ಅಂದರೆ 780. ಸಿಲಿಂಡರ್ ದರ ನಿಮಗೇ ಗೊತ್ತು. ಕಟ್ಟಿಗೆ ಒಲೆ ಶೇಕಡಾ 12 ಹಿಡಿದರೆ ಅದೇ ಅಡುಗೆಗೆ 220 ಕೆಜಿಗಿಂತ ಜಾಸ್ತಿ ಕಟ್ಟಿಗೆ ಸುಡಬೇಕು.

ಇನ್ನು ಗೋಬರ್ ಗ್ಯಾಸ್. 2 ಘನ ಮೀಟರ್ ಪ್ಲಾಂಟ್ ಇದ್ದರೆ ದಿನಕ್ಕೆ 50 ಕೆಜಿ ಹೆಂಡಿ ಬೇಕು, ಅಷ್ಟೇ ನೀರು ಕಲಸಬೇಕು. ನಾಲ್ಕೈದು ದನ ಇರಬೇಕು ಅಂತಾಯಿತು. ಪೂರ್ತಿ ನಡೆದರೆ ತಿಂಗಳಿಗೆ ಎರಡು ಸಿಲಿಂಡರ್‌ಗೆ ಸ್ವಲ್ಪ ಕಡಿಮೆ ಗ್ಯಾಸ್ ಬರುತ್ತದೆ. ಆದರೆ ಪೂರ್ತಿ ನಡೆಯೋದು ಯಾವಾಗ? ಚಳಿಗಾಲದಲ್ಲಿ ಗ್ಯಾಸ್ ಇಳಿಯುತ್ತದೆ. ಬೇಸಿಗೆಯಲ್ಲಿ ಕುಡಿಯೋ ನೀರಿಗೇ ದಿನ ಎಣಿಸುವ ಊರಲ್ಲಿ 50 ಲೀಟರ್ ನೀರು ಹೆಂಡಿಗೆ ಯಾರು ಸುರಿಯುತ್ತಾರೆ? ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಮಾರಿದವರ ಪ್ಲಾಂಟ್‌ಗಳು ಹಾಗೇ ಬಿದ್ದಿವೆ, ನೋಡು ಬೇಕಾದರೆ. ಅದಕ್ಕೆ "ದನ ಎಷ್ಟು" ಅಂತ ಮಾತ್ರ ಕೇಳಬೇಡ, "ಇನ್ನು ಐದು ವರ್ಷ ದನ ಇಡುತ್ತೀರಾ" ಅಂತಲೂ ಕೇಳು.

ಆಮೇಲೆ ಹೊರಬರುವ ಸ್ಲರಿ. ಅದು ಹೊಲಕ್ಕೆ ಒಳ್ಳೇ ಗೊಬ್ಬರ. ನಮ್ಮ ಮನೆಯವರಿಗೆ ಗ್ಯಾಸಿಗಿಂತ ಅದರ ಮೇಲೇ ಆಸೆ. ಗೊಬ್ಬರದ ಬೆಲೆ ಕಳೆಯದೆ ಗ್ಯಾಸಿನ ದರ ಹೇಳಿದರೆ ಗೋಬರ್ ಗ್ಯಾಸಿಗೆ ಅನ್ಯಾಯ.

ಅನ್ಯಾಯದ ಮಾತು ಬಂತು ಅಂತ ಇದನ್ನೂ ಹೇಳುತ್ತೇನೆ. ನಿನ್ನ ಪಟ್ಟಿಯಲ್ಲಿ ಹತ್ತಿ ಕಟ್ಟಿಗೆ, ಕುಳ್ಳು ಇವಕ್ಕೆ ಸೊನ್ನೆ ರೂಪಾಯಿ ಅಂತ ಬರುತ್ತದೆ, ಹೌದಲ್ಲೋ? ಸೊನ್ನೆ ಅಲ್ಲ. ಹೊಲದಿಂದ ಹೊತ್ತು ತರುವವರು ಯಾರು, ಕುಳ್ಳು ತಟ್ಟುವವರು ಯಾರು, ಹೊಗೆ ಕುಡಿಯುವವರು ಯಾರು? ದಿನಕ್ಕೆ ಒಂದು ತಾಸು ಅಂದರೂ ಹೊಲದ ಕೂಲಿ ಲೆಕ್ಕದಲ್ಲಿ ಹಾಕು. ಗೋಬರ್ ಗ್ಯಾಸಿಗೂ ಹಾಕು, ಹೆಂಡಿ ಕಲಸೋದೂ ಕೆಲಸವೇ.


ವಿದ್ಯಾನಗರ_ಕೋಡ್:

ಅಕ್ಕಾ, ಕೂಲಿ ಕಾಲಂ ಇವತ್ತೇ ಸೇರಿಸುತ್ತೇವೆ. ಎಲ್ಲರ ಮಾತು ಓದಿದ ಮೇಲೆ ಒಂದು ತೀರ್ಮಾನಕ್ಕೆ ಬಂದೆವು: ಎಲ್ಲ ಸೇರಿ ಒಂದೇ ಪಟ್ಟಿ ಅನ್ನೋದನ್ನ ಬಿಡುತ್ತಿದ್ದೇವೆ. ತೆರೆದ ಕೂಡಲೇ "ಯಾವ ಕೆಲಸಕ್ಕೆ?" ಅಂತ ಕೇಳುತ್ತದೆ. ಮನೆ ಕರೆಂಟ್, ನೀರು ಎತ್ತೋದು, ಅಡುಗೆ, ಸ್ನಾನದ ನೀರು, ಅಂಗಡಿ ಅಥವಾ ಗಿರಣಿ. ಆಮೇಲೆ "ಈಗ ಇದಕ್ಕೆ ನೀವು ಏನು ಕೊಡುತ್ತಿದ್ದೀರಿ?" ಅಂತ. ಹೋಲಿಕೆ ಅದರ ಜೊತೆ ಮಾತ್ರ. ಸ್ನಾನದ ನೀರನ್ನ ಬೇರೆ ಇಟ್ಟದ್ದಕ್ಕೆ ಕಾರಣ, 100 ಲೀಟರ್ ನೀರನ್ನ 25 ಡಿಗ್ರಿಯಿಂದ 60ಕ್ಕೆ ಏರಿಸೋಕೆ 4 ಯೂನಿಟ್ ಬೇಕು, ಸೋಲಾರ್ ಹೀಟರ್ ಅದನ್ನ ಇನ್ವರ್ಟರ್ ಇಲ್ಲದೆ ಮಾಡುತ್ತದೆ.

ಈಗ ಕೇಳೋದು ಬ್ಯಾಟರಿ. ಕರೆಂಟ್ ಹೋದಾಗಲೂ ಬೇಕು ಅನ್ನುವವರು ಜಾಸ್ತಿ. ಗ್ರಿಡ್‌ಗೆ ಜೋಡಿಸಿದ ಸಾದಾ ಸೋಲಾರ್ ಲೈನ್ ಹೋದರೆ ತಾನೂ ನಿಲ್ಲುತ್ತದೆ ಅನ್ನೋದು ಎಷ್ಟೋ ಜನರಿಗೆ ಹಾಕಿಸಿದ ಮೇಲೆ ಗೊತ್ತಾಗುತ್ತದೆ. ಬ್ಯಾಟರಿ ಖರ್ಚನ್ನ ಹೇಗೆ ತೋರಿಸೋದು?


ಲೆಕ್ಕದ_ಮಾಸ್ತರ:

ಲೈನ್‌ಮನ್ ಕೆಲಸ ಮಾಡುವಾಗ ತಂತಿಯಲ್ಲಿ ಕರೆಂಟ್ ಇರಬಾರದು, ಅದಕ್ಕೇ ಹಾಗೆ ನಿಲ್ಲುವಂತೆ ಮಾಡಿರುತ್ತಾರೆ. ಅದನ್ನ ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಬ್ಯಾಟರಿಯನ್ನ ಬೇರೆ ಸಾಲಾಗಿ ತೋರಿಸಿ, ಸೋಲಾರ್ ಒಳಗೆ ಕಲಸಬೇಡಿ. 12 ವೋಲ್ಟ್ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ, ಬಾಳಿಕೆ ಬರಬೇಕಾದರೆ 1.2ರಷ್ಟು ಮಾತ್ರ ತೆಗೆಯಬೇಕು. 1,200 ಸಲ ತುಂಬಿ ಖಾಲಿ ಮಾಡಬಹುದು ಅಂತ ಹಿಡಿದರೆ ಜೀವಮಾನಕ್ಕೆ 1,440 ಯೂನಿಟ್. 15,000 ರೂಪಾಯಿ ಬ್ಯಾಟರಿ ಅಂದರೆ ಯೂನಿಟ್‌ಗೆ 10 ರೂಪಾಯಿಗಿಂತ ಜಾಸ್ತಿ, ಬರೀ ಇಟ್ಟುಕೊಳ್ಳೋಕೆ. ತುಂಬಿಸುವ ಕರೆಂಟಿನ ಖರ್ಚು ಬೇರೆ. ದಿನಾ ರಾತ್ರಿ ಬ್ಯಾಟರಿ ಮೇಲೆ ನಡೆಸೋದು ದುಬಾರಿ. ಆದರೆ ವಾರಕ್ಕೆ ಎರಡು ಸಲ ಕರೆಂಟ್ ಹೋದಾಗ ಬೇಕು ಅನ್ನುವವರಿಗೆ ಅದು ವಿಮೆ ಇದ್ದ ಹಾಗೆ, ಅಲ್ಲಿ ಯೂನಿಟ್ ದರ ಕೇಳೋದೇ ಅಸಂಬದ್ಧ. ಜನರೇಟರ್ ಕೂಡ ಹಾಗೇ. ಸಣ್ಣದು ಲೀಟರಿಗೆ 3 ಯೂನಿಟ್ ಕೊಟ್ಟರೆ ಯೂನಿಟ್‌ಗೆ 30 ರೂಪಾಯಿ ಎಣ್ಣೆಗೇ ಹೋಗುತ್ತದೆ, ಆದರೂ ಮದುವೆ ಛತ್ರದವರು ಇಡುತ್ತಾರೆ.


ಹಾವೇರಿ_ಸರ್ವರ್:

ನಾನು ಇದೇ ಲೈನಿನವನು, ಕೋಡ್ ಕಡೆಯಿಂದ ಒಂದೆರಡು ಮಾತು. ದರಗಳನ್ನ ಕೋಡ್ ಒಳಗೆ ಬರೆಯಬೇಡಿ. ರಾಜ್ಯದಲ್ಲಿ ಕರೆಂಟ್ ದರ ನಿಗದಿ ಮಾಡುವ ಕೆಇಆರ್‌ಸಿಯ ಆದೇಶ ಬಂದಾಗಲೆಲ್ಲ ದರ, ವರ್ಗ, ಶುಲ್ಕ ಬದಲಾಗುತ್ತವೆ. ಬೇರೆ ಫೈಲಿನಲ್ಲಿ ಇಡಿ, ಪ್ರತಿ ಸಾಲಿಗೂ "ಇಂದಿನಿಂದ, ಇಲ್ಲಿವರೆಗೆ" ಅಂತ ದಿನಾಂಕ ಹಾಕಿ, ಫಲಿತಾಂಶದ ಕೆಳಗೆ ಆ ದಿನಾಂಕ ತೋರಿಸಿ. ಎರಡು ವರ್ಷ ಹಳೇ ದರ ತೋರಿಸುವ ಕ್ಯಾಲ್ಕುಲೇಟರ್ ಇರೋದಕ್ಕಿಂತ ಇಲ್ಲದಿರೋದೇ ವಾಸಿ.

ನಾಸಾ ಎಪಿಐಯನ್ನ ಪ್ರತಿ ಸಲ ಕರೆಯೋ ಅಗತ್ಯ ಇಲ್ಲ. ಚೌಕ ದೊಡ್ಡದಿರುವುದರಿಂದ ಮೂರು ಜಿಲ್ಲೆಗೆ ಕೆಲವೇ ಚೌಕ ಬರುತ್ತವೆ. ಒಮ್ಮೆ ಇಳಿಸಿ ತಾಲ್ಲೂಕಿನ ಪ್ರಕಾರ ಇಟ್ಟುಕೊಳ್ಳಿ, ಹಳ್ಳಿ ನೆಟ್‌ವರ್ಕ್‌ನಲ್ಲೂ ಓಡುತ್ತದೆ.

ಉತ್ತರವನ್ನ "3.31" ಅಂತ ಪೈಸೆ ತನಕ ಕೊಡಬೇಡಿ. "3ರಿಂದ 4 ರೂಪಾಯಿ" ಅಂತ ಕೊಡಿ. ಒಳಗೆ ಹಾಕೋದೆಲ್ಲ ಅಂದಾಜು, ಹೊರಗೆ ಬರೋದು ಮಾತ್ರ ಅಕ್ಕಸಾಲಿಗನ ತಕ್ಕಡಿಯಾ? ಕೆಳಗೆ ಒಂದು ಸಾಲು ಬರಲಿ, "ಬಡ್ಡಿ 8ರ ಬದಲು 12 ಆದರೆ ಹೀಗೆ, ವರ್ಷಕ್ಕೆ 150 ದಿನ ಮಾತ್ರ ಬಳಸಿದರೆ ಹೀಗೆ". ಯಾವ ಅಂದಾಜು ಫಲಿತಾಂಶವನ್ನ ಹೆಚ್ಚು ಅಲುಗಾಡಿಸುತ್ತದೆ ಅನ್ನೋದು ಕಂಡರೆ ಜನ ಅದನ್ನೇ ಸರಿಯಾಗಿ ವಿಚಾರಿಸುತ್ತಾರೆ.

ಮೊಬೈಲ್ ನಂಬರ್ ಕೇಳಬೇಡಿ. ನಾಳೆ ಯಾರೋ ಸೋಲಾರ್ ಅಂಗಡಿಯವರು "ಲೀಡ್ ಕೊಡಿ, ದುಡ್ಡು ಕೊಡುತ್ತೇವೆ" ಅಂತ ಬಂದೇ ಬರುತ್ತಾರೆ. ಅವತ್ತಿಂದ ನಿಮ್ಮದೂ ಮಾರುವವರ ಕ್ಯಾಲ್ಕುಲೇಟರ್.


ಗೋಕುಲ್_ರೋಡ್_ಮನೆ:

ಸಬ್ಸಿಡಿ ಬಗ್ಗೆ ಒಂದು ಬಿಟ್ಟೆ. ಅದು ಮೊದಲೇ ಕಳೆದು ಬರುವುದಿಲ್ಲ, ಕೆಲಸ ಮುಗಿದು ತಪಾಸಣೆ ಆದ ಮೇಲೆ ಖಾತೆಗೆ ಬರುತ್ತದೆ. ನಮ್ಮ ಅಳಿಯನ ಮನೆಗೆ ಹಾಕಿದವರು ಮಾತಿನಲ್ಲಿ ಒಂದು ಲಕ್ಷ ಅಂದರು, ಅಡ್ವಾನ್ಸ್ ಕೇಳುವಾಗ ಪೂರ್ತಿ ಮೊತ್ತ ಕೇಳಿದರು, ಮನೆಯಲ್ಲಿ ಗಲಾಟೆ. "ಮೊದಲ ದಿನ ಕೈಯಲ್ಲಿ ಎಷ್ಟು ಇರಬೇಕು" ಅನ್ನೋದನ್ನ ಯೂನಿಟ್ ದರಕ್ಕಿಂತ ಮೇಲೆ ತೋರಿಸಿ. ಮತ್ತೆ ಮಾಳಿಗೆ ಜಾಗ ಕೇಳುವಾಗ ಮಾಳಿಗೆ ಎಂಥದ್ದು ಅಂತಲೂ ಕೇಳಿ. ಕಿಲೋವ್ಯಾಟ್‌ಗೆ 100 ಚದರ ಅಡಿ ಅನ್ನೋದು ಆರ್‌ಸಿಸಿಗೆ ಸರಿ. ಹಳೇ ಮಣ್ಣಿನ ಮೇಲ್ಮುದ್ದೆ ಮನೆಗೆ ಸ್ಟ್ಯಾಂಡ್ ನಿಲ್ಲಿಸೋಕೆ ಬೇರೆ ಖರ್ಚು, ಕೆಲವಕ್ಕೆ ಆಗುವುದೇ ಇಲ್ಲ.


ಬೆಟಗೇರಿ_ಗಿರಣಿ:

ನಾನು ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ನಮ್ಮದು ಹಿಟ್ಟಿನ ಗಿರಣಿ, ಖಾರ ಕುಟ್ಟುವ ಯಂತ್ರನೂ ಇದೆ, 10 ಎಚ್‌ಪಿ ಮೋಟಾರ್. ಗೃಹಜ್ಯೋತಿ ನಮಗೆ ಇಲ್ಲ, ಕೈಗಾರಿಕಾ ದರ. ಮಂದಿ ಬರೋದು ಮುಂಜಾನೆ ಮತ್ತು ಸಂಜೆ, ಬಿಸಿಲು ಇರೋದು ಮಧ್ಯಾಹ್ನ. ಮೇಲೆ ತಗಡಿನ ಶೀಟು, ಹಿಟ್ಟಿನ ಧೂಳು ಬೇರೆ ಕೂರುತ್ತದೆ. ಮೆಣಸಿನಕಾಯಿ ಸೀಸನ್‌ನಲ್ಲಿ ಮಾತ್ರ ಇಡೀ ದಿನ ಮೋಟಾರ್ ನಿಲ್ಲೋದಿಲ್ಲ. ನನ್ನಂಥವನಿಗೆ ನಿಮ್ಮ ಕ್ಯಾಲ್ಕುಲೇಟರ್ ಏನು ಹೇಳುತ್ತದೆ?


ವಿದ್ಯಾನಗರ_ಕೋಡ್:

@ಬೆಟಗೇರಿ_ಗಿರಣಿ ಈಗಿನ ಸ್ಥಿತಿಯಲ್ಲಿ ತಪ್ಪು ಹೇಳುತ್ತದೆ ಸರ್, ದಿನದ ಯಾವ ಹೊತ್ತಿಗೆ ಬಳಕೆ ಅಂತ ಇನ್ನೂ ಕೇಳುವುದಿಲ್ಲ. ಮಧ್ಯಾಹ್ನ ತಯಾರಾಗಿ ಲೈನಿಗೆ ಹೋದ ಯೂನಿಟ್‌ಗೂ ನೀವು ಆ ಹೊತ್ತಿಗೇ ಬಳಸಿದ ಯೂನಿಟ್‌ಗೂ ಬೆಲೆ ಒಂದೇ ಅಂತ ಹಿಡಿಯೋಕೆ ಬರುವುದಿಲ್ಲ. ನಿಮ್ಮ ಗಿರಣಿಯನ್ನೇ ಮೊದಲ ಪರೀಕ್ಷೆಗೆ ಇಟ್ಟುಕೊಳ್ಳಬಹುದಾ? ಒಂದು ವರ್ಷದ ಬಿಲ್‌ಗಳ ಫೋಟೋ ಬೇಕು, ಹೆಸರು ಮತ್ತು ಆರ್‌ಆರ್ ನಂಬರ್ ಅಳಿಸಿ ಕಳಿಸಿ. ಜೊತೆಗೆ ಯಾವ ತಿಂಗಳು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ ಮೋಟಾರ್ ಓಡುತ್ತದೆ ಅಂತ ಅಂದಾಜು ಬರೆದರೆ ಸಾಕು.


ಬೆಟಗೇರಿ_ಗಿರಣಿ:

ಕಳಿಸುತ್ತೇನೆ. ದೀಪಾವಳಿ ತಿಂಗಳ ಬಿಲ್ ಕಳೆದಿದೆ, 11 ಇವೆ. ನಡೆಯುತ್ತದಾ?


ಹಾವೇರಿ_ಸರ್ವರ್:

ನಡೆಯುತ್ತದೆ ಅಣ್ಣಾ. ಮುಂದಿನ ತಿಂಗಳ ಬಿಲ್ಲಿನಲ್ಲಿ ಹಿಂದಿನ ರೀಡಿಂಗ್ ಇರುತ್ತದೆ, ಕಳೆದು ತೆಗೆಯೋಣ.